‘ಮೊನ್ನೆ ಸರಿಯೇ ಇದ್ದೆಯಲ್ಲ!’

ಪ್ರಶ್ನೆ: ನನಗೆ 36 ವರ್ಷ. ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಟೀಚರ್. ಡೆಂಗಿ ಜ್ವರ ಬಂದು ಹೋಗಿ ಹತ್ತು ತಿಂಗಳಾದರೂ ಸುಸ್ತು ಬಿಟ್ಟಿಲ್ಲ. ಎಷ್ಟು ಮಲಗಿದರೂ ನಿದ್ದೆ ಆದ ಹಾಗಿಲ್ಲ. ಪಾಠ ಮಾಡುತ್ತಿರುವಾಗಲೇ ಶಬ್ದ ಮರೆತುಹೋಗುತ್ತದೆ. ರಕ್ತಪರೀಕ್ಷೆ ನಾರ್ಮಲ್. ಮಾವನ ತಿಥಿಯ ದಿನ ಎಂಟು ಕಾಯಿ ತುರಿದು, ಪಾತ್ರೆಯನ್ನೂ ನಾನೇ ತೊಳೆದೆ. ಒಂದು ದಿನ ಬಿಟ್ಟು ಹಾಸಿಗೆ ಹಿಡಿದೆ. ‘ಮೊನ್ನೆ ಸರಿಯೇ ಇದ್ದೆಯಲ್ಲ, ಇದು ಉದಾಸೀನ’ ಎಂದರು ಅತ್ತೆ. ಗಂಡ ಏನೂ ಮಾತಾಡುವುದಿಲ್ಲ. ಕೆಲಸ ಬಿಟ್ಟುಬಿಡಲಾ?

ಟೀಚರೇ, ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ಆ ‘ಒಂದು ದಿನ ಬಿಟ್ಟು’ ಎಂಬ ಮಾತನ್ನು. ತೋಟದಲ್ಲಿ ದುಡಿದವರ ಸುಸ್ತು ಅದೇ ಸಂಜೆ ಬರುತ್ತದೆ, ಒಂದು ನಿದ್ದೆಗೆ ಹೋಗುತ್ತದೆ. ಅತ್ತೆಗೆ ಗೊತ್ತಿರುವುದು ಆ ಸುಸ್ತು. ಕ್ರೋನಿಕ್ ಫಟೀಗ್ ಸಿಂಡ್ರೋಮ್ ಎಂಬ, ತಿಂಗಳುಗಟ್ಟಲೆ ಸುಸ್ತು ಬಿಡದ ಕಾಯಿಲೆಯಲ್ಲಿ ಹಾಗಲ್ಲ. ಶ್ರಮದ ಏಟು ಹೆಚ್ಚಾಗಿ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ. ಬಿದ್ದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಏಳಲಾಗುವುದಿಲ್ಲ. ನೀವು ದುಡಿದದ್ದನ್ನು ಎಲ್ಲರೂ ನೋಡಿದರು. ಅದರ ಫಲವೇ ಈ ಹಾಸಿಗೆ ಎಂದು ಯಾರಿಗೂ ಹೊಳೆಯಲಿಲ್ಲ.

ವೈರಲ್ ಜ್ವರದ ನಂತರ ಇದು ಶುರುವಾಗುವುದುಂಟು. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇನ್ನೂ ಇಲ್ಲ. ನಿಮಗಿರುವುದು ಇದೇ ಎಂದು ನಾನು ಹೇಳಲಾರೆ, ಡಾಕ್ಟರೇ ಹೇಳಬೇಕು. ಥೈರಾಯ್ಡ್, ಬಿ12, ಶುಗರ್, ಹಿಮೋಗ್ಲೋಬಿನ್, ಇವುಗಳಲ್ಲಿ ಯಾವುದು ಬಾಕಿ ಇದೆಯೋ ಮಾಡಿಸಿ. ಮಂಗಳೂರಿನಲ್ಲಿ ಒಳ್ಳೆಯ ಫಿಸಿಶಿಯನ್‌ಗೆ ತೋರಿಸಿ. ಗಂಡನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ನೀವು ಹೇಳಿ ಕೇಳದ್ದನ್ನು ಡಾಕ್ಟರ ಬಾಯಿಂದ ಅವರು ಕೇಳಲಿ.

‘ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ’ ಎನ್ನುವವರು ಸಿಗುತ್ತಾರೆ. ಹಿಂದೆ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು. ಈ ಕಾಯಿಲೆಗೆ ಹಾಗೆ ವ್ಯಾಯಾಮ ಏರಿಸುತ್ತಾ ಹೋಗುವುದು ಬೇಡ ಎಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2021ರಲ್ಲೇ ಹೇಳಿದೆ. ಮೈ ಹಗುರ ಅನಿಸಿದ ದಿನವೇ ನೀವು ಹುಷಾರಾಗಿರಬೇಕು. ಬಾಕಿ ಉಳಿದ ಕೆಲಸವನ್ನೆಲ್ಲ ಅಂದೇ ಮುಗಿಸುವ ಆಸೆ ಬರುತ್ತದೆ, ಅಲ್ವಾ? ಅರ್ಧಕ್ಕೇ ನಿಲ್ಲಿಸಿ. ಸುಸ್ತಾದ ಮೇಲಲ್ಲ, ಆಗುವ ಮೊದಲೇ ಕೂತುಬಿಡಿ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದಲ್ಲಿ ಅಂದು ಮಾಡಿದ ಕೆಲಸ, ಮಲಗಿದ ದಿನ ಎರಡನ್ನೂ ಗುರುತು ಹಾಕಿ. ಇದನ್ನು ಗಂಡನೇ ಬರೆಯಲಿ. ಮಾತು ಕಡಿಮೆ ಇರುವವರಿಗೆ ಇಂಥ ಕೆಲಸ ಕೊಟ್ಟರೆ ಸುಮ್ನೆ ಮಾಡುತ್ತಾರೆ. ಎರಡು ತಿಂಗಳ ಹಾಳೆ ಡಾಕ್ಟರಿಗೂ ಉಪಯೋಗ. ದಿನಾ ಅದರ ಮುಂದೆ ಓಡಾಡುವ ಅತ್ತೆಯ ಕಣ್ಣಿಗೂ ಬೀಳುತ್ತದೆ.

ಈಗಲೇ ರಾಜೀನಾಮೆ ಕೊಡಬೇಡಿ. ಶಾಲೆ ಬಿಟ್ಟರೆ ಮನೆಕೆಲಸ ಪೂರ್ತಿ ನಿಮ್ಮ ತಲೆಗೇ ಬರುತ್ತದೆ. ಮೊದಲು ರಜೆ ಎಷ್ಟಿದೆ ನೋಡಿ. ಹೆಡ್‌ಮಾಸ್ಟರ ಹತ್ತಿರ ವಿಷಯ ಹೇಳಿ, ಕೂತುಕೊಂಡೇ ಪಾಠ ಮಾಡಿ. ಮನೆಯಲ್ಲಿ ಮುಂದಿನ ಕಾರ್ಯಕ್ರಮ ಬಂದಾಗ, ಒಂದು ವಾರ ಮೊದಲೇ ಅತ್ತೆಗೆ ಇಷ್ಟು ಹೇಳಿ: ‘ಅತ್ತೇ, ತರಕಾರಿ ಕೂತು ಕೊರೆದು ಕೊಡುತ್ತೇನೆ. ಕಾಯಿ ತುರಿಯಲು, ಪಾತ್ರೆಗೆ ಜನ ಮಾಡೋಣ.’