ಭುಜದ ಪಟ್ಟಿ ಎಷ್ಟು ದಿನ ಹಾಕಿಕೊಳ್ಳಬೇಕು?

ಪ್ರಶ್ನೆ: ನನಗೆ 52 ವರ್ಷ. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲ ಭುಜಕ್ಕೆ ಪೆಟ್ಟಾಯಿತು. ಎಕ್ಸ್‌-ರೇಯಲ್ಲಿ ಮೂಳೆ ಮುರಿದಿಲ್ಲ ಎಂದರು. ಎರಡು ವಾರ ಸ್ಲಿಂಗ್ ಹಾಕಿಕೊಳ್ಳಲು ಹೇಳಿದರು. ತೆಗೆದರೆ ಮತ್ತೆ ನೋವಾದೀತೆಂದು ಐದು ವಾರವಾದರೂ ಹಾಕಿಕೊಂಡೇ ಇದ್ದೇನೆ. ಈಗ ತಲೆ ಬಾಚಲೂ ಕೈ ಮೇಲೇಳುತ್ತಿಲ್ಲ. ಇನ್ನೂ ಬಿಗಿಯಾದ ಬ್ರೇಸ್ ಕೊಂಡರೆ ಬೇಗ ವಾಸಿಯಾಗುತ್ತದೆಯೇ?

ಉತ್ತರ: ದಯವಿಟ್ಟು ಕೊಳ್ಳಬೇಡಿ. ಪಟ್ಟಿಯಾಗಲಿ ಬ್ರೇಸ್ ಆಗಲಿ ಗಾಯವನ್ನು ಮಾಯಿಸುವುದಿಲ್ಲ. ಪೆಟ್ಟು ಹಸಿಯಾಗಿರುವಾಗ ಕೈಯ ಭಾರ ಹೊತ್ತು ಭುಜಕ್ಕೆ ವಿಶ್ರಾಂತಿ ಕೊಡುತ್ತದೆ, ಅಷ್ಟೇ. ಆ ಕೆಲಸ ನಿಮ್ಮ ವೈದ್ಯರು ಹೇಳಿದ ಎರಡು ವಾರಕ್ಕೇ ಮುಗಿದಿತ್ತು. ಅಲ್ಲಾಡದ ಭುಜದ ಕೀಲಿನ ಸುತ್ತಲಿನ ಪೊರೆ ಬಿಗಿದುಕೊಳ್ಳುತ್ತದೆ. ನಲವತ್ತು ದಾಟಿದವರಲ್ಲಿ ಇದು ಹೆಚ್ಚು, ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು.

ಆದರೆ ನನಗೆ ಇನ್ನೊಂದು ಅನುಮಾನವಿದೆ. ಎಕ್ಸ್‌-ರೇಯಲ್ಲಿ ಮೂಳೆ ಕಾಣುತ್ತದೆ, ತೋಳನ್ನು ಎತ್ತುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರು) ಹರಿದಿದ್ದರೆ ಕಾಣುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಬಿದ್ದಾಗ ಅದು ಹರಿಯುವುದು ಅಪರೂಪವಲ್ಲ. ವೈದ್ಯರು ಇದನ್ನು ಸರಳವಾಗಿ ಪತ್ತೆಹಚ್ಚಲು ತೊಡಗುತ್ತಾರೆ: ನಿಮ್ಮ ಕೈಯನ್ನು ತಾವೇ ಮೆಲ್ಲಗೆ ಎತ್ತಿ ನೋಡುತ್ತಾರೆ. ಬೇರೆಯವರು ಎತ್ತಿದರೂ ಮೇಲೇಳದಿದ್ದರೆ ಕೀಲು ಬಿಗಿದಿರಬಹುದು. ಬೇರೆಯವರು ಎತ್ತಿದರೆ ಸಲೀಸಾಗಿ ಏಳುತ್ತದೆ, ನಿಮ್ಮಿಂದ ಮಾತ್ರ ಆಗುವುದಿಲ್ಲ ಎಂದಾದರೆ ಹರಿದಿರುವ ಶಂಕೆ. ಆಗ ಸ್ಕ್ಯಾನಿಂಗ್ ಬೇಕು. ಇದನ್ನು ಮನೆಯಲ್ಲಿ ಬಲವಂತವಾಗಿ ಮಾಡಿಸಿಕೊಳ್ಳಬೇಡಿ, ಈ ವಾರವೇ ಮೂಳೆ ತಜ್ಞರ ಬಳಿ ಹೋಗಿ. ದೊಡ್ಡದಾಗಿ ಹರಿದಿದ್ದರೆ ತಡಮಾಡಿದಷ್ಟೂ ರಿಪೇರಿ ಕಷ್ಟ.

ಅವರು ಒಪ್ಪಿದರೆ ಆರಂಭಕ್ಕೆ ಲೋಲಕದ ವ್ಯಾಯಾಮ ಸಾಕು. ಎಡಗೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ಬಲಗೈಯನ್ನು ಸಡಿಲವಾಗಿ ಇಳಿಬಿಡಿ. ಮೈಯನ್ನು ಮೆಲ್ಲಗೆ ತೂಗಿದರೆ ಕೈ ತಾನಾಗಿ ಸಣ್ಣ ಸುತ್ತು ಹಾಕುತ್ತದೆ. ಭುಜದ ಬಲ ಹಾಕಬಾರದು. ಮೊದಮೊದಲು ಸ್ವಲ್ಪ ಎಳೆದಂತಾಗುವುದು ಸಹಜ, ಅದಕ್ಕೆ ಹೆದರಿ ಮತ್ತೆ ಪಟ್ಟಿಗೆ ಕೈಹಾಕಬೇಡಿ. ಮೊಣಕೈ, ಮಣಿಕಟ್ಟು, ಬೆರಳುಗಳನ್ನೂ ಆಗಾಗ ಆಡಿಸುತ್ತಿರಿ.

ರಾತ್ರಿ ಅಂಗಾತ ಮಲಗಿ ಮೊಣಕೈ ಕೆಳಗೆ ಚಿಕ್ಕ ದಿಂಬು ಇಟ್ಟುಕೊಳ್ಳಿ. ಭುಜ ಹಿಂದಕ್ಕೆ ಜೋತುಬೀಳದೆ ನಿದ್ದೆ ಬರುತ್ತದೆ. ಭುಜದ ಹೊರಬದಿ ಮರಗಟ್ಟಿದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.