‘ರೇಟ್ ಎಷ್ಟು’ ಎನ್ನುವವನ ಬಾಯಿ ಮುಚ್ಚಿಸುವುದು ಹೇಗೆ?

ಪ್ರಶ್ನೆ: ಮೀನು ಸಾರಿನ ಮಸಾಲೆ ಪುಡಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಬಂಗುಡೆ ಪುಳಿಮುಂಚಿ ಮಾಡುವ ವಿಡಿಯೊ ಹಾಕಿದ ಮೇಲೆ ಒಬ್ಬ ಬೆನ್ನು ಬಿದ್ದಿದ್ದಾನೆ. ತುಳುವಿನಲ್ಲಿ ಹೊಲಸು ಬೈಗುಳ, ಪ್ರತಿ ವಿಡಿಯೊದ ಕೆಳಗೆ ‘ರೇಟ್ ಎಷ್ಟು?’ ಎಂಬ ಕಮೆಂಟ್. ಅವನು ಕೇಳುತ್ತಿರುವುದು ಪುಡಿಯ ಬೆಲೆಯಲ್ಲ. ಬ್ಲಾಕ್ ಮಾಡಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ. ಪೇಜ್ ಮುಚ್ಚು ಎಂದು ಅಣ್ಣ ಹೇಳುತ್ತಾನೆ. ಆದರೆ ಆರ್ಡರ್ ಬರುವುದೆಲ್ಲ ಅಲ್ಲಿಂದಲೇ. ಏನು ಮಾಡಲಿ?
– ಹೆಸರು ಬೇಡ, ಕಾಪು

ಉತ್ತರ: ಪೇಜ್ ಮುಚ್ಚಬೇಡಿ ತಂಗಿ. ನಿಮ್ಮ ದುಡಿಮೆಯನ್ನು ನಿಲ್ಲಿಸುವ ಹಕ್ಕು ಅವನಿಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ‘ರೇಟ್ ಎಷ್ಟು’. ಗಿರಾಕಿಯ ಮಾತನ್ನೇ ಕದ್ದು ಬೈಗುಳ ಮಾಡಿಕೊಂಡಿದ್ದಾನೆ. ‘ರೇಟ್’ ಎಂಬ ಪದವನ್ನು ನೀವು ತಡೆದರೆ ನಿಜವಾಗಿ ಪುಡಿ ಬೇಕಾದವರ ಕಮೆಂಟ್ ಕೂಡ ಮಾಯವಾಗುತ್ತದೆ. ಹಾಗಾಗಿ ಇಲ್ಲಿ ತಡೆಯಬೇಕಾದದ್ದು ಪದವನ್ನಲ್ಲ, ಆ ಖಾತೆಯನ್ನು. ಅದಕ್ಕೆಂದೇ ಇನ್‌ಸ್ಟಾಗ್ರಾಂ 2019ರಲ್ಲಿ ‘ರಿಸ್ಟ್ರಿಕ್ಟ್’ ಸೌಲಭ್ಯ ತಂದಿತು. ಅವನ ಪ್ರೊಫೈಲ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ಅದನ್ನು ಆರಿಸಿ. ಆಮೇಲೆ ಅವನು ಹಾಕುವ ಕಮೆಂಟ್ ಅವನ ಮೊಬೈಲಿನಲ್ಲಿ ಇದ್ದ ಹಾಗೆಯೇ ಕಾಣುತ್ತದೆ. ನೀವು ಒಪ್ಪಿಗೆ ಕೊಡದ ಹೊರತು ಬೇರೆ ಯಾರಿಗೂ ಕಾಣುವುದಿಲ್ಲ. ಅವನ ಮೆಸೇಜ್ ರಿಕ್ವೆಸ್ಟ್‌ಗಳ ಸಾಲಿಗೆ ಹೋಗುತ್ತದೆ. ನೀವು ಓದಿದಿರೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ಬ್ಲಾಕ್ ಆದದ್ದು ಗೊತ್ತಾದ ಕೂಡಲೇ ಹೊಸ ಖಾತೆ ತೆರೆಯುವ ಇಂಥವರಿಗೆ ಇದೇ ಸರಿಯಾದ ಮದ್ದು ಎಂದು ನನ್ನ ಅಭಿಪ್ರಾಯ. ಬ್ಲಾಕ್ ಮಾಡಲೇಬೇಕೆನಿಸಿದರೆ, ಅವನು ಮುಂದೆ ತೆರೆಯಬಹುದಾದ ಖಾತೆಗಳನ್ನೂ ಸೇರಿಸಿ ತಡೆಯುವ ಆಯ್ಕೆಯನ್ನೇ ಒತ್ತಿ.

ಬೈಗುಳಗಳ ದಾರಿ ಬೇರೆ. ಸೆಟ್ಟಿಂಗ್ಸ್‌ನಲ್ಲಿ ‘ಹಿಡನ್ ವರ್ಡ್ಸ್’ ಎಂಬುದಿದೆ, ಪಟ್ಟಿಯಲ್ಲಿರುವ ಪದಗಳು ಬಂದ ಕಮೆಂಟ್, ಮೆಸೇಜ್‌ಗಳನ್ನು ಅದು ಮರೆಮಾಡುತ್ತದೆ. ಕಂಪೆನಿಯೇ ಮಾಡಿಟ್ಟ ಪದಪಟ್ಟಿ ನಮ್ಮ ತುಳು, ಕೊಂಕಣಿ, ಬ್ಯಾರಿ ಬೈಗುಳಗಳನ್ನೆಲ್ಲ ಹಿಡಿಯುತ್ತದೆಂದು ನಂಬಿ ಕೂರಬೇಡಿ. ಸ್ವಂತ ಪಟ್ಟಿ ಬರೆಯಲು ಅಲ್ಲಿ ಜಾಗವಿದೆ. ಕದ್ರಿಯ ಗೆಳತಿಯೊಬ್ಬಳ ಮಗಳ ಜೊತೆ ಕುಳಿತು ನಾನು ಇಂಥ ಪಟ್ಟಿ ಮಾಡಿದ್ದೇನೆ. ‘ಮಂಗೆ’ಯಷ್ಟು ಸಣ್ಣ ಬೈಗುಳವನ್ನೂ ಜನ ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಕೊನೆಯ ಸ್ವರ ಎಳೆದು, ನಡುವೆ ಚುಕ್ಕಿ ಇಟ್ಟು ಬರೆಯುತ್ತಾರೆ. ಪ್ರತಿಯೊಂದು ರೂಪವನ್ನೂ ಅಲ್ಪವಿರಾಮ ಹಾಕಿ ಸೇರಿಸಬೇಕು. ಅವನು ಬಳಸುವ ಇಮೋಜಿಗಳನ್ನೂ ಬಿಡಬೇಡಿ. ಬೇಸರದ ಕೆಲಸ ನಿಜ, ಅಂಥ ಪದಗಳನ್ನು ಕೈಯಾರೆ ಟೈಪ್ ಮಾಡುವುದು ಇನ್ನೂ ಕಷ್ಟ. ನೀವೇ ಮಾಡಬೇಕೆಂದಿಲ್ಲ, ನಂಬಿಕಸ್ಥ ಗೆಳತಿಯ ಕೈಗೆ ಕೊಡಿ.

ಏನನ್ನೇ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಖಾತೆಯ ಹೆಸರು, ದಿನಾಂಕ, ಯಾವ ವಿಡಿಯೊದ ಕೆಳಗೆ ಎಂಬುದು ಕಾಣಬೇಕು. ಪ್ರೊಫೈಲ್ ಲಿಂಕನ್ನೂ ನಕಲು ಮಾಡಿಡಿ. ತೋರಿಕೆಯ ಹೆಸರು ಬದಲಾಯಿಸಲು ಒಂದು ನಿಮಿಷ ಸಾಕು.

ಇಷ್ಟಕ್ಕೆ ನಿಲ್ಲದಿದ್ದರೆ ಪೊಲೀಸರಲ್ಲಿಗೆ ಹೋಗಲು ಹಿಂಜರಿಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಹೆಣ್ಣಿನ ಬಗ್ಗೆ ಲೈಂಗಿಕ ಅರ್ಥದ ಮಾತಾಡುವುದು ಅಪರಾಧ. ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸುವುದಕ್ಕೆ 78ನೇ ಕಲಂ ಇದೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಉಡುಪಿಯಲ್ಲಿ ಸೆನ್ ಠಾಣೆಯಿದೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ. ಮನೆಯಿಂದಲೇ ಆದರೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಅಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಪ್ರತ್ಯೇಕ ವಿಭಾಗವೇ ಇದೆ.

ನಿಮ್ಮ ಅಣ್ಣನಿಗೆ ಈ ಉತ್ತರ ತೋರಿಸಿ. ತಂಗಿಯ ಮೇಲಿನ ಕಾಳಜಿಯಿಂದಲೇ ಅವರು ಹಾಗೆ ಹೇಳಿರಬೇಕು. ಆ ಕಾಳಜಿಗೆ ಒಂದು ಕೆಲಸ ಕೊಡಿ: ರಿಕ್ವೆಸ್ಟ್‌ಗಳನ್ನು ಇನ್ನು ಮುಂದೆ ಅವರೇ ತೆರೆಯಲಿ, ಆರ್ಡರ್‌ಗಳನ್ನು ನಿಮಗೆ ದಾಟಿಸಲಿ, ಉಳಿದದ್ದನ್ನು ದೂರಿನ ಕಡತಕ್ಕೆ ಸೇರಿಸಲಿ. ಠಾಣೆಗೆ ಹೋಗುವ ದಿನ ಜೊತೆಗೂ ಬರಲಿ.