ಓದುಗರ ಕಟ್ಟೆ: ಊರಿನ ಚಿತ್ರಗಳು ಆನ್‌ಲೈನ್ ಗ್ಯಾಲರಿಗೆ ಹೋಗುವ ಮುನ್ನ

ತುಮಕೂರು ಜಿಲ್ಲೆಯ ಚಿತ್ರಕಲಾವಿದರು ಸೇರಿ ತಮ್ಮೂರನ್ನೇ ವಸ್ತುವಾಗಿಟ್ಟುಕೊಂಡು ವರ್ಚುವಲ್ ಪ್ರದರ್ಶನ ಮಾಡುವ ಬಗ್ಗೆ ಬಂದ ಪ್ರಶ್ನೆಗಳು ಇಲ್ಲಿವೆ. ಒಂದೇ ತೆರನಾದವನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಾವು ಹನ್ನೆರಡು ಜನ, ಒಟ್ಟು ನಲವತ್ತು ಚಿತ್ರ. ಒಳಗೆ ಓಡಾಡಿ ನೋಡುವಂಥ ತ್ರೀಡಿ ಗ್ಯಾಲರಿ ಬೇಕು ಅಂತ ಕೆಲವರು, ಸಾದಾ ಪುಟ ಸಾಕು ಅಂತ ಕೆಲವರು. ಯಾವುದು ಸರಿ? (ತುಮಕೂರು)

ಉತ್ತರ: ಎರಡೂ ಇರಲಿ, ಆದರೆ ಸಾದಾ ಪುಟ ಮೊದಲು. ಆರ್ಟ್‌ಸ್ಟೆಪ್ಸ್, ಕುನ್ಸ್ಟ್‌ಮ್ಯಾಟ್ರಿಕ್ಸ್‌ನಂಥ ತಾಣಗಳಲ್ಲಿ ಸಿದ್ಧ ಕೋಣೆಗಳು ಸಿಗುತ್ತವೆ. ಗೋಡೆಗೆ ಚಿತ್ರ ತಗುಲಿಸುವುದೇನೂ ಕಷ್ಟವಲ್ಲ. ಕಷ್ಟ ನೋಡುವವರಿಗೆ. ಹಳೆಯ ಮೊಬೈಲಿನಲ್ಲಿ ಕೋಣೆ ತೆರೆಯುವುದು ತಡ, ತೆರೆದ ಮೇಲೂ ಬೆರಳಲ್ಲಿ ನಡೆಯಲು ಬಾರದೆ ಮೂಲೆಗೆ ಮುಖ ಮಾಡಿ ನಿಂತುಬಿಡುತ್ತಾರೆ. ನಿಮ್ಮ ಚಿತ್ರ ನೋಡಲೇಬೇಕಾದ ಹಿರಿಯರೆಲ್ಲ ಈ ಗುಂಪಿನವರೇ. ಒಂದರ ಕೆಳಗೊಂದು ಚಿತ್ರ, ಅದರಡಿ ವಿವರ ಇರುವ ಪುಟ ಮಾಡಿ, ಮೇಲ್ಗಡೆ ತ್ರೀಡಿ ಕೋಣೆಯ ಕೊಂಡಿ ಕೊಡಿ.

ಫೈಲಿನ ತೂಕ ನೋಡಿಕೊಳ್ಳಿ. ಕ್ಯಾಮೆರಾದಿಂದ ಬಂದ 8 ಎಂಬಿ ಫೈಲುಗಳನ್ನೇ ಏರಿಸಿದರೆ ನಲವತ್ತಕ್ಕೆ 320 ಎಂಬಿ, ಯಾರೂ ಕಾಯುವುದಿಲ್ಲ. ಉದ್ದದ ಬದಿ 2000 ಪಿಕ್ಸೆಲ್, ಜೆಪೆಗ್ ಗುಣಮಟ್ಟ 80ರಿಂದ 85 ಇಟ್ಟರೆ ಒಂದೊಂದು ಅರ್ಧ ಎಂಬಿ ಆಸುಪಾಸಿಗೆ ಇಳಿಯುತ್ತದೆ. ಬಣ್ಣದ ಪ್ರೊಫೈಲ್ (ಫೈಲು ಬಣ್ಣಗಳನ್ನು ದಾಖಲಿಸುವ ಕ್ರಮ) ಎಸ್‌ಆರ್‌ಜಿಬಿ ಆಗಿರಲಿ. ಅಡೋಬಿ ಆರ್‌ಜಿಬಿಯಲ್ಲಿ ಉಳಿದ ಫೈಲು ಎಷ್ಟೋ ಪರದೆಗಳಲ್ಲಿ ತೊಳೆದ ಬಟ್ಟೆಯ ಹಾಗೆ ಮಂಕಾಗಿ ಕಾಣುತ್ತದೆ. ಹನ್ನೆರಡೂ ಜನ ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇಲ್ಲದಿದ್ದರೆ ಅದು ದಾರಿಯಲ್ಲೇ ಹಿಂಡಿಹೋಗುತ್ತದೆ.

ಪ್ರಶ್ನೆ: ನಮ್ಮೂರ ಏಕಶಿಲಾ ಬೆಟ್ಟವನ್ನು ತೈಲವರ್ಣದಲ್ಲಿ ಬರೆದಿದ್ದೇನೆ, ಮೂರಡಿ ಅಗಲ. ಸಂಜೆ ಹೊತ್ತಿನ ಗುಲಾಬಿ ಬಂಡೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಒಂದು ಕಡೆ ಬೆಳ್ಳಗೆ ಮಿಂಚುತ್ತದೆ, ಮೇಲ್ಗಡೆ ಕಿರಿದಾಗುತ್ತದೆ, ಬಂಡೆ ನೀಲಿ ಕಾಣುತ್ತದೆ. ಏನು ಮಾಡಲಿ? (ಮಧುಗಿರಿ)

ಉತ್ತರ: ಒಂದೇ ಫೋಟೊದಲ್ಲಿ ಮೂರು ಬೇರೆ ಬೇರೆ ತಪ್ಪು. ಒಂದೊಂದಾಗಿ ಬಿಡಿಸೋಣ.

ಮೇಲ್ಗಡೆ ಕಿರಿದಾಗುವುದು ಚಿತ್ರ ಗೋಡೆಗೆ ಒರಗಿ ಹಿಂದಕ್ಕೆ ವಾಲಿರುವುದರಿಂದ. ಮೊಬೈಲು ನೆಟ್ಟಗಿದೆ, ಚಿತ್ರ ನೆಟ್ಟಗಿಲ್ಲ. ಚಿತ್ರವನ್ನು ಮೊಳೆಗೆ ತಗುಲಿಸಿ, ಮೊಬೈಲನ್ನು ಟ್ರೈಪಾಡ್ ಮೇಲೆ ಚಿತ್ರದ ನಡುಮಧ್ಯದ ಎತ್ತರಕ್ಕೆ ನಿಲ್ಲಿಸಿ. ಸಮವಾಗಿದೆಯೇ ಎಂದು ಕಣ್ಣಳತೆಯಲ್ಲಿ ನಂಬಬೇಡಿ. ಒಂದು ಸಣ್ಣ ಕೈಗನ್ನಡಿಯನ್ನು ಕ್ಯಾನ್ವಾಸಿನ ನಡುವೆ ಹಗುರವಾಗಿ, ಅಂಟದಂತೆ ಚಪ್ಪಟೆಯಾಗಿ ಹಿಡಿಯಲು ಯಾರಿಗಾದರೂ ಹೇಳಿ, ನೀವು ಪರದೆ ನೋಡಿ. ಕನ್ನಡಿಯೊಳಗೆ ಮೊಬೈಲಿನ ಲೆನ್ಸ್ ಪರದೆಯ ನಟ್ಟನಡುವೆ ಕಂಡರೆ ನೇರವಾಗಿದೆ ಎಂದರ್ಥ. ಮೇಲೆ ಕಂಡರೆ, ಕೆಳಗೆ ಕಂಡರೆ ಅಷ್ಟು ತಿದ್ದಿ. ಜತೆಗೆ ಒಂದು ಎಕ್ಸ್‌ನಲ್ಲಿ ಹತ್ತಿರದಿಂದ ತೆಗೆಯಬೇಡಿ, ಅಂಚುಗಳು ಉಬ್ಬುತ್ತವೆ. ಏಳೆಂಟಡಿ ಹಿಂದೆ ಸರಿದು ಎರಡು ಎಕ್ಸ್‌ನಲ್ಲಿ ತೆಗೆಯಿರಿ. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಕೈ ತಾಗಿ ಅಲುಗುವುದೂ ತಪ್ಪುತ್ತದೆ.

ಮಿಂಚು ಬರುವುದು ಬೆಳಕು ಬರುವ ಕೋನದಿಂದ. ಚಾಕುವಿನಿಂದ ದಪ್ಪಗೆ ಮೆತ್ತಿದ ಬಣ್ಣದಲ್ಲಿ ಒಂದೊಂದು ಏಣೂ ಒಂದೊಂದು ಪುಟ್ಟ ಕನ್ನಡಿ. ಬೆಳಕು ಚಿತ್ರದ ಮೇಲೆ ಪಕ್ಕದಿಂದ 45 ಡಿಗ್ರಿಯಲ್ಲಿ ಬಿದ್ದರೆ ಅದರ ಪ್ರತಿಫಲನ ಆಚೆ ಪಕ್ಕಕ್ಕೆ ಹೋಗುತ್ತದೆ, ಲೆನ್ಸಿಗೆ ಬರುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ. ಬಿಸಿಲು ಬೀಳದ ಪಡಸಾಲೆ, ಒಂದು ಪಕ್ಕ ಬಾಗಿಲಿನ ಬೆಳಕು, ಇನ್ನೊಂದು ಪಕ್ಕ ಬಿಳಿ ಥರ್ಮಾಕೋಲ್ ಹಲಗೆ: ಇಷ್ಟರಲ್ಲೇ ಕೆಲಸ ಆಗುತ್ತದೆ. ದೀಪ ಹಾಕುವುದಾದರೆ ಎರಡು ಒಂದೇ ಬಗೆಯ ಎಲ್‌ಇಡಿ, 5000 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ (ಬಣ್ಣವನ್ನು ನಿಜಕ್ಕೆ ಹತ್ತಿರ ತೋರಿಸುವ ಅಳತೆ) 90ಕ್ಕಿಂತ ಮೇಲಿನವು, ಚಿತ್ರದಿಂದ ಐದಡಿಯಾದರೂ ದೂರ. ಹತ್ತಿರ ಇಟ್ಟರೆ ಅಂಚು ಬೆಳಗಿ ನಡುಭಾಗ ಕಂದುತ್ತದೆ. ಫೋಟೊದಲ್ಲಿ ಅಡ್ಡಪಟ್ಟೆ ಬಂದರೆ ಅದು ವಿದ್ಯುತ್ತಿನ 50 ಹರ್ಟ್ಸ್ ಮಿಣುಕು. ಶಟರ್ ವೇಗ 1/50 ಅಥವಾ 1/100ಕ್ಕೆ ಇಡಿ. ಇಷ್ಟಾದರೂ ಮಿಂಚಿದರೆ, ಮೊಬೈಲಿನ ಹಿಂದೆ ಕರಿ ಕಂಬಳಿಯೊಂದನ್ನು ಇಳಿಬಿಡಿ. ಬಣ್ಣದಲ್ಲಿ ಮೂಡುತ್ತಿರುವುದು ನಿಮ್ಮ ಬೆನ್ನ ಹಿಂದಿನ ಬಿಳಿ ಗೋಡೆಯೇ ಇರಬಹುದು.

ಇನ್ನು ನೀಲಿ. ಇದರ ಕಾರಣ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಚಿತ್ರದ ತುಂಬ ಗುಲಾಬಿ ಇದ್ದರೆ ಮೊಬೈಲಿನ ಆಟೊ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ನೋಡಿ ಬಿಳಿಯನ್ನು ಬಿಳಿಯಾಗಿಸುವ ವ್ಯವಸ್ಥೆ) ಅದನ್ನು ದೀಪದ ಬಣ್ಣ ಎಂದು ತಿಳಿದು ಅಳಿಸಲು ಹೋಗುತ್ತದೆ. ನೀವು ಬರೆದ ಸಂಜೆಯನ್ನೇ ದೋಷ ಅಂತ ತಿದ್ದಿಬಿಡುತ್ತದೆ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು ಬೀಗ ಹಾಕಿ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ಬೂದು ಕಾರ್ಡನ್ನು ಚಿತ್ರದ ಮುಂದೆ ಹಿಡಿದು ಮೊದಲ ಫೋಟೊ ತೆಗೆದುಕೊಂಡರೆ, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಆಧರಿಸಿ ಎಲ್ಲವನ್ನೂ ಸರಿಪಡಿಸಬಹುದು. ಕಿಟಕಿ ಬೆಳಕು, ಬಲ್ಬು ಎರಡೂ ಒಟ್ಟಿಗೆ ಬಿದ್ದಿದ್ದರೆ ಮಾತ್ರ ಯಾವ ಕಾರ್ಡೂ ಕಾಪಾಡದು. ಕೋಣೆಯ ಗೋಡೆಗೆ ಹಸಿರು ಬಣ್ಣ ಬಳಿದಿದ್ದರೆ ಚಿತ್ರಕ್ಕೂ ಹಸಿರು ಹತ್ತುತ್ತದೆ. ಪಕ್ಕದ ಗೋಡೆಗೆ ಬಿಳಿ ಪಂಚೆ ಹೊದಿಸಿ.

ಪ್ರಶ್ನೆ: ನನ್ನ ಜಲವರ್ಣಗಳಲ್ಲಿ ಬಿಳಿ ಕಾಗದ ಬೂದಿಯಂತೆ ಬರುತ್ತದೆ. ಗಾಜಿನ ಫ್ರೇಮೂ ಇದೆ. (ತಿಪಟೂರು)

ಉತ್ತರ: ಚೌಕಟ್ಟಿನ ತುಂಬ ಬಿಳಿ ಕಂಡರೆ ಕ್ಯಾಮೆರಾ ಅದನ್ನು ನಡುಬೂದಿಗೆ ಇಳಿಸುತ್ತದೆ. ಎಕ್ಸ್‌ಪೋಷರನ್ನು (ಬೆಳಕಿನ ಪ್ರಮಾಣವನ್ನು) 0.7ರಿಂದ 1 ಸ್ಟಾಪಿನಷ್ಟು ಏರಿಸಿ, ಕಾಗದದ ಒರಟು ಕಾಣೆಯಾಗುವ ಮುಂಚೆ ನಿಲ್ಲಿಸಿ. ಗಾಜು ತೆಗೆದೇ ತೆಗೆಯಿರಿ. ಹಿಂದಿನ ಮೊಳೆ ಬಿಚ್ಚಲು ಬೇಸರಪಟ್ಟು ಗಾಜಿನೊಳಗೆ ತಮ್ಮದೇ ನೆರಳಿರುವ ಫೋಟೊ ಕಳಿಸುವವರು ಬೇಕಾದಷ್ಟಿದ್ದಾರೆ.

ಪ್ರಶ್ನೆ: ತ್ರೀಡಿ ಕೋಣೆಯಲ್ಲಿ ಹತ್ತಿಂಚಿನ ಚಿತ್ರವೂ ಆರಡಿಯ ಚಿತ್ರವೂ ಒಂದೇ ಅಳತೆ ಕಾಣುತ್ತಿವೆ. ಕನ್ನಡ ವಿವರಗಳೂ ಕಲಸುಮೇಲೋಗರವಾಗಿವೆ. (ಶಿರಾ)

ಉತ್ತರ: ಅಳತೆಯ ಜಾಗ ಖಾಲಿ ಬಿಟ್ಟಿದ್ದೀರಿ, ತಾಣವೇ ತನ್ನ ಅಳತೆ ಹಾಕಿಕೊಂಡಿದೆ. ಪ್ರತಿ ಚಿತ್ರದ ಎತ್ತರ, ಅಗಲವನ್ನು ಸೆಂಟಿಮೀಟರಿನಲ್ಲಿ ತುಂಬಿ, ಒಂದಿಂಚಿಗೆ 2.54. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಸಾದಾ ಪುಟದಲ್ಲಿ, ಚಿತ್ರದ ಪಕ್ಕ ಒಂದು ಕುರ್ಚಿ ಇಟ್ಟು ತೆಗೆದ ಎರಡನೇ ಫೋಟೊ ಸೇರಿಸಿದರೆ ಅಳತೆ ಸಂಖ್ಯೆ ಓದದವರಿಗೂ ತಿಳಿಯುತ್ತದೆ.

ಅಕ್ಷರ ಕಲಸಿರುವುದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದರಿಂದ. ಆ ಫಾಂಟು ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಬ್ಬರು ಕೂತು ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಓದಿ ನೋಡಲಿ, ಪರಿವರ್ತನೆಯಲ್ಲಿ ಹೆಚ್ಚು ಕೆಡುವುದು ಅವೇ. ವಿವರದಲ್ಲಿ ಶೀರ್ಷಿಕೆ, ಕಲಾವಿದರ ಹೆಸರು, ಮಾಧ್ಯಮ, ಅಳತೆ, ವರ್ಷ, ಜಾಗ ಇರಲಿ. ವರ್ಷ ಬಿಡಬೇಡಿ: ಗೂಳೂರು ಗಣಪನ ಮಣ್ಣಿನ ಮೂರ್ತಿ ಪ್ರತಿವರ್ಷ ಹೊಸದು, ಯಾವ ವರ್ಷದ್ದೆಂದು ಬರೆಯದಿದ್ದರೆ ಚಿತ್ರದ ಅರ್ಧ ಸುದ್ದಿ ಹೋದಂತೆ.

ಪ್ರಶ್ನೆ: ಗುಬ್ಬಿ ವೀರಣ್ಣನವರ ಹಳೆಯ ಫೋಟೊ ನೋಡಿ ಭಾವಚಿತ್ರ ಬರೆದಿದ್ದೇನೆ. ಒಬ್ಬರು ದುಡ್ಡು ಕೊಟ್ಟು ಬರೆಸಿಕೊಂಡ ತಮ್ಮ ಹಳೇ ಮನೆಯ ಚಿತ್ರವೂ ಇದೆ. ಎರಡನ್ನೂ ಹಾಕಬಹುದೇ? (ಗುಬ್ಬಿ)

ಉತ್ತರ: ಫೋಟೊ ಯಾರದೆಂದು ಮೊದಲು ಹುಡುಕಿ. ತೆಗೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ ಹಕ್ಕು ಉಳಿಯುವುದು ಸಾಮಾನ್ಯ ನಿಯಮ. ಗೆರೆಗೆರೆಯಾಗಿ ನಕಲಾಗಿದ್ದರೆ ಒಪ್ಪಿಗೆ ಪಡೆಯಿರಿ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಬಗ್ಗೆ ಚಿತ್ರ ಬರೆಯಲು ಪರದೆ, ಕಿರೀಟ, ಪೆಟ್ರೋಮ್ಯಾಕ್ಸ್ ಎಷ್ಟೋ ಇವೆಯಲ್ಲ, ಒಂದೇ ಫೋಟೊಗೆ ಜೋತುಬೀಳುವುದೇಕೆ? ಇನ್ನು ಎರಡನೆಯದು: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಬರೆಸಿದ ಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ. ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನೀವಾಗಿ ದೇವಸ್ಥಾನ, ಕೋಟೆಯ ಮುಂದೆ ಕೂತು ಬರೆದ ಚಿತ್ರಕ್ಕೆ ಈ ತಾಪತ್ರಯವಿಲ್ಲ.

ಪ್ರಶ್ನೆ: ಬಂದ ಚಿತ್ರಗಳಲ್ಲಿ ಅರ್ಧ ಸಿದ್ಧಗಂಗೆ, ಇನ್ನರ್ಧ ದೇವರಾಯನದುರ್ಗ. ಯಾರನ್ನೂ ನೋಯಿಸದೆ ಆಯುವುದು ಹೇಗೆ? (ತುಮಕೂರು)

ಉತ್ತರ: ಆಯುವ ಹೊತ್ತಿಗೆ ತಡವಾಗಿರುತ್ತದೆ, ಆಹ್ವಾನದಲ್ಲೇ ಹೇಳಬೇಕು. ಒಬ್ಬೊಬ್ಬರಿಗೂ ಒಂದು ದೂರದ ನೋಟ, ಒಂದು ಕೈಗೆಟಕುವ ವಸ್ತು ಎಂದು ಕೇಳಿ. ಎರಡನೆಯದರಲ್ಲೇ ಊರು ಸಿಗುವುದು: ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲುಗಿಸಿದರೆ ಒಳಗೆ ಗಡಗಡ ಎನ್ನುವ ತಿಪಟೂರು ಕೊಬ್ಬರಿ, ಕಗ್ಗಲಡುವಿನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆಯ ಗೂಡು, ಪಾವಗಡದ ಸೌರಫಲಕಗಳ ಸಾಲಿನ ನಡುವಿನ ಹುಲ್ಲು. ಜೋಡಿಸುವಾಗ ಕಲಾವಿದರ ಹೆಸರಿನ ಪ್ರಕಾರ ಹೋಗದೆ ದಾರಿಯ ಪ್ರಕಾರ ಹೋಗಿ. ಮೊದಲ ಕೋಣೆ ತುಮಕೂರಿನ ಅಮಾನಿಕೆರೆ, ಅಲ್ಲಿಂದ ಒಂದು ಬಾಗಿಲು ಕೊರಟಗೆರೆ, ಮಧುಗಿರಿ, ಪಾವಗಡಕ್ಕೆ. ಇನ್ನೊಂದು ರೈಲುದಾರಿ ಹಿಡಿದು ಗುಬ್ಬಿ, ತಿಪಟೂರಿಗೆ. ಒಂದೇ ಬೆಟ್ಟದ ಐದು ಚಿತ್ರ ಒಟ್ಟಿಗೆ ಬಂದರೆ ಅದೇ ಒಂದು ಗೋಡೆಯಾಗಲಿ, ಬೆಳಗಿನಿಂದ ರಾತ್ರಿಯವರೆಗೆ ಸಾಲಾಗಿ.

ಪ್ರಶ್ನೆ: ಚಿತ್ರ ಕದಿಯದಂತೆ ದೊಡ್ಡ ವಾಟರ್‌ಮಾರ್ಕ್ ಹಾಕಲೇ? (ಪಾವಗಡ)

ಉತ್ತರ: ಬೇಡ. ಸ್ಕ್ರೀನ್‌ಶಾಟ್ ತಡೆಯಲಾಗದು, ಅಡ್ಡ ಬರಹದಿಂದ ಕೆಡುವುದು ನಿಮ್ಮ ಚಿತ್ರವೇ. 2000 ಪಿಕ್ಸೆಲ್ ಫೈಲನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅಚ್ಚು ಹಾಕಿದರೆ ಏಳಿಂಚೂ ಬರುವುದಿಲ್ಲ. ಕ್ಯಾಲೆಂಡರಿಗೆ ಹಿಗ್ಗಿಸಿದರೆ ಮಸುಕು. ದೊಡ್ಡ ಫೈಲು ನಿಮ್ಮ ಬಳಿಯೇ ಇರಲಿ, ಮೂಲೆಯಲ್ಲಿ ಸಣ್ಣ ಸಹಿ ಸಾಕು.

ಪ್ರಶ್ನೆ: ಉದ್ಘಾಟನೆ ಯೂಟ್ಯೂಬ್ ಲೈವ್‌ನಲ್ಲಿ ಮಾಡುತ್ತಿದ್ದೇವೆ. ಏನು ಎಚ್ಚರ ವಹಿಸಬೇಕು? (ಕುಣಿಗಲ್)

ಉತ್ತರ: ಮೊದಲ ಸಲ ಲೈವ್ ಸೌಲಭ್ಯ ತೆರೆದುಕೊಳ್ಳಲು 24 ಗಂಟೆವರೆಗೂ ಹಿಡಿಯಬಹುದು, ಮೊಬೈಲಿನಿಂದಾದರೆ ಚಾನೆಲಿಗೆ ಕನಿಷ್ಠ 50 ಚಂದಾದಾರರೂ ಬೇಕು. ಆಹ್ವಾನಪತ್ರಿಕೆ ಹಂಚಿದ ಮೇಲೆ ಇದು ಗೊತ್ತಾದರೆ ಫಜೀತಿ, ವಾರದ ಮುಂಚೆ ಮಾಡಿಕೊಳ್ಳಿ. ತ್ರೀಡಿ ಕೋಣೆಯನ್ನು ನೇರವಾಗಿ ತೋರಿಸಲು ಹೋದರೆ ತಡೆತಡೆದು ಕುಪ್ಪಳಿಸುತ್ತದೆ. ಆರೇಳು ನಿಮಿಷದ ಸುತ್ತಾಟವನ್ನು ಮೊದಲೇ ರೆಕಾರ್ಡ್ ಮಾಡಿ ಹಾಕಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಹಕ್ಕಿನ ತಕರಾರು ಬಂದರೆ ಪ್ರಸಾರವೇ ನಿಲ್ಲಬಹುದು. ಕರೆಂಟು ಹೋದರೆ ವೈಫೈ ಹೋಗುತ್ತದೆ. ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಮೊಬೈಲನ್ನು ಚಾರ್ಜ್ ಮಾಡಿ, ಹಾಟ್‌ಸ್ಪಾಟ್ ಪರೀಕ್ಷಿಸಿ ಪಕ್ಕದಲ್ಲಿಟ್ಟುಕೊಳ್ಳಿ.